ದುರ್ಗದ ಕೋಟೆಯಲ್ಲಿ ಸೀರಿಯಲ್ ಯಾಕೆ ತೆಗೆಯುವುದಿಲ್ಲ?

ಚಿತ್ರದುರ್ಗಕ್ಕೆ ಹೋದಾಗೆಲ್ಲ ಇದೇ ಪ್ರಶ್ನೆ. "ಏನಣ್ಣ, ದಿನಾ ಅದೇ ಮನೆ, ಅದೇ ಮೆಟ್ಲು, ಅದೇ ಸೋಫಾ ತೋರಿಸ್ತೀರ. ನಮ್ಮ ಕೋಟೆ ಕಣ್ಣಿಗೆ ಬೀಳಲ್ವಾ ನಿಮ್ಮೋರಿಗೆ?" ನಾನು ದುರ್ಗದವನು, ಹೊಟ್ಟೆಪಾಡು ಬೆಂಗಳೂರಿನ ಸೀರಿಯಲ್‌ಗಳಲ್ಲಿ. ಜಾಸ್ತಿ ಚಿಕ್ಕಪ್ಪನ ಪಾತ್ರ, ಆಗಾಗ ಪೊಲೀಸು. ಹಾಗಾಗಿ ಉತ್ತರ ಹೇಳುವುದು ನನ್ನ ತಲೆಗೇ ಬರುತ್ತದೆ.

ಕೋಟೆ ಬೇಡ ಅಂತ ಯಾರೂ ಹೇಳಿಲ್ಲ. ನಮಗೆ ಟೈಮ್ ಇಲ್ಲ, ಅಷ್ಟೇ. ವಾರಕ್ಕೆ ಐದಾರು ಸಂಚಿಕೆ ಪ್ರಸಾರವಾಗಬೇಕು. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದರೆ ಇಪ್ಪತ್ತು ಚಿಲ್ಲರೆ ನಿಮಿಷ. ಹೆಚ್ಚುಕಮ್ಮಿ ದಿನಕ್ಕೊಂದು ಸಂಚಿಕೆ ತೆಗೆಯಲೇಬೇಕು. ಅದಕ್ಕೇ ಒಂದು ಮನೆ ಹಿಡಿದು ಕೂರುತ್ತಾರೆ. ಹಾಲ್‌ನಲ್ಲಿ ಜಗಳ, ಅಡುಗೆಮನೆಯಲ್ಲಿ ಸಂಚು. ಮಹಡಿಯ ರೂಮಿನ ಪರದೆ ಬದಲಾಯಿಸಿದರೆ ಅದೇ ಬೀಗರ ಮನೆ. ಆಸ್ಪತ್ರೆ ಬೇಕಾ? ಅದೇ ರೂಮಿಗೆ ಒಂದು ಕಬ್ಬಿಣದ ಮಂಚ, ಒಂದು ಡ್ರಿಪ್ ಸ್ಟ್ಯಾಂಡು ಬರುತ್ತದೆ.

ಈಗ ಓಬವ್ವನ ಕಿಂಡಿ ನೆನಪಿಸಿಕೊಳ್ಳಿ. ಒಬ್ಬರು ಮೈ ಕುಗ್ಗಿಸಿ ನುಸುಳುವ ಜಾಗ. ಕ್ಯಾಮೆರಾ ಎಲ್ಲಿಡುತ್ತೀರಿ? ಮೈಕ್ ಹಿಡಿಯುವ ಹುಡುಗ ಎಲ್ಲಿ ನಿಲ್ಲುತ್ತಾನೆ? ಜನರೇಟರ್ ಗಾಡಿ ಕೆಳಗೇ ನಿಲ್ಲಬೇಕು, ಅಲ್ಲಿಂದ ಸಾಮಾನೆಲ್ಲ ಹೆಗಲ ಮೇಲೆ. ಬಿಸಿಲೇರಿ ಬಂಡೆ ಕಾದರೆ ಮೇಕಪ್ ಕರಗಿ ಕಾಲರ್‌ಗೆ ಇಳಿಯುತ್ತದೆ. ಗಾಳಿಯಂತೂ ಕೇಳಲೇಬೇಡಿ. ದುರ್ಗದ ಸುತ್ತಲ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನೆಟ್ಟಿದ್ದಾರಾ? ಆ ಗಾಳಿಯಲ್ಲಿ ಅತ್ತೆ ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿದರೆ ಕೇಳಿದ ಹಾಗೆಯೇ!

ಮೇಲಾಗಿ ಇದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಶೂಟಿಂಗ್‌ಗೆ ಮುಂಚೆಯೇ ಅರ್ಜಿ, ಶುಲ್ಕ, ಷರತ್ತು. ಗೋಡೆಗೆ ಒಂದು ಮೊಳೆ ಹೊಡೆಯುವ ಹಾಗಿಲ್ಲ. ಹೊಡೆಯಲೂಬಾರದು ಬಿಡಿ. ನಮ್ಮಲ್ಲಿ ಎಷ್ಟೋ ಸಲ ಇವತ್ತಿನ ಸೀನ್ ಇವತ್ತು ಬೆಳಿಗ್ಗೆ ಕೈಗೆ ಸಿಗುತ್ತದೆ. ಅಷ್ಟು ಮುಂಚೆ ಅರ್ಜಿಯಲ್ಲಿ ಏನಂತ ಬರೆಯುವುದು?

"ನಾಗರಹಾವು ತೆಗೀಲಿಲ್ವಾ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ತೆಗೆದರು, ತೆರೆಗೆ ಬಂದಿದ್ದು 1972ರಲ್ಲಿ. ತ.ರಾ.ಸು. ಕಥೆ, ಪುಟ್ಟಣ್ಣನವರ ನಿರ್ದೇಶನ, ಓಬವ್ವನಾಗಿ ಜಯಂತಿ. ಆದರೆ ಸಿನಿಮಾದವರು ಮೋಡ ಸರಿಯುವ ತನಕ ಕಾಯಬಹುದು. ನಾವು ಕಾದರೆ ರಾತ್ರಿ ಪ್ರಸಾರಕ್ಕೆ ಸಂಚಿಕೆಯೇ ಇರುವುದಿಲ್ಲ.

ಇನ್ನು ಕೆಲವರಿಗೆ ಮದಕರಿ ನಾಯಕನ ಸೀರಿಯಲ್ಲೇ ಬೇಕು. ನನಗೂ ಆಸೆಯಿದೆ. ಆದರೆ ಮಾಡಿದರೂ ಅದು ಸೆಟ್‌ನಲ್ಲೇ ಆದೀತು. 1779ರಲ್ಲಿ ದುರ್ಗ ಗೆದ್ದ ಹೈದರಾಲಿ ಮತ್ತವನ ಮಗ ಟಿಪ್ಪುವಿನ ಕಥೆಯನ್ನು ದೂರದರ್ಶನಕ್ಕೆ ಮಾಡಿದಾಗಲೂ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಸೆಟ್ ಹಾಕಿದ್ದರು. ಸೆಟ್ ಅಂದರೆ ಸಲೀಸು ಅಂತಲೂ ಅಲ್ಲ. 1989ರ ಫೆಬ್ರುವರಿ 8ರಂದು ಅಲ್ಲಿ ಬೆಂಕಿ ಬಿದ್ದು 62 ಜನ ಸತ್ತರು. ಟಿಪ್ಪು ಪಾತ್ರ ಮಾಡುತ್ತಿದ್ದ ಸಂಜಯ್ ಖಾನ್ ಮೈ ಸುಟ್ಟುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು.

ನಟರ ಲೆಕ್ಕವೂ ಒಂದಿದೆ. ನನ್ನಂಥವರಿಗೆ ಸಂಭಾವನೆ ದಿನದ ಲೆಕ್ಕದಲ್ಲಿ. ಚಿಕ್ಕಪ್ಪನಿಗೆ ತಿಂಗಳಿಡೀ ಸೀನ್ ಇರುವುದಿಲ್ಲ, ಆದ್ದರಿಂದ ಇನ್ನೊಂದು ಸೀರಿಯಲ್‌ಗೂ ಡೇಟ್ ಕೊಟ್ಟಿರುತ್ತೇವೆ. ದುರ್ಗ ಬೆಂಗಳೂರಿನಿಂದ ಸುಮಾರು 200 ಕಿ.ಮೀ. ಅಲ್ಲಿ ಮಳೆ ಬಂದು ಶೂಟಿಂಗ್ ಒಂದು ದಿನ ಮುಂದೆ ಹೋದರೆ ಇಲ್ಲಿ ಡೇಟ್ ತಪ್ಪುತ್ತದೆ. ಹೀಗೆ ಒಂದೆರಡು ಸಲ ಆದರೆ ಕಥೆಯಲ್ಲಿ ಚಿಕ್ಕಪ್ಪ ದುಬೈಗೆ ಹೋಗುತ್ತಾನೆ. ವಾಪಸ್ ಬರುವುದೇ ಇಲ್ಲ. ಬರೆಯುವವರಿಗೆ ಸಿಟ್ಟು ಜಾಸ್ತಿ ಇದ್ದರೆ ಫೋಟೋಗೆ ಹಾರ ಬೀಳುತ್ತದೆ.

ನಿಜ ಹೇಳಬೇಕೆಂದರೆ ನನಗಿದರಲ್ಲಿ ಬೇಜಾರಿಲ್ಲ. ವಡವೆ ಕಳುವಾದ ಜಗಳಕ್ಕೆ ಏಳು ಸುತ್ತಿನ ಕೋಟೆ ಯಾಕೆ ಬೇಕು ಹೇಳಿ?

ಆದರೆ ಈ ಪ್ರಶ್ನೆ ಕೇಳುವ ಹುಡುಗರಲ್ಲಿ ಕೆಲವರ ಮನಸ್ಸಿನಲ್ಲಿ ಇರುವುದೇ ಬೇರೆ: ಊರು ಬಿಡದೆ ನಟ ಆಗೋಕಾಗಲ್ವಾ? ಸೀರಿಯಲ್ಲೇ ಬೇಕೆಂದರೆ ಬೆಂಗಳೂರಿಗೆ ಬರಲೇಬೇಕು. ನಟನೆ ಕಲಿಯಬೇಕೆಂದರೆ ನಮ್ಮ ಜಿಲ್ಲೆಯಲ್ಲೇ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಶಿವಕುಮಾರ ಕಲಾಸಂಘ ಇದೆ, ರಂಗಶಾಲೆಯೂ ಇದೆ. ಅಲ್ಲಿನ ಶಿವಸಂಚಾರ ತಂಡ 1997ರಿಂದ ವರ್ಷಕ್ಕೆ ಮೂರು ನಾಟಕ ಕಟ್ಟಿಕೊಂಡು ರಾಜ್ಯ ಸುತ್ತುತ್ತಿದೆ. ಬೆಂಗಳೂರಿನ ಬಸ್ ಹತ್ತುವ ಮುಂಚೆ ಅಲ್ಲಿಗೊಮ್ಮೆ ಹೋಗಿ, ಕೂತು ಒಂದು ನಾಟಕ ನೋಡಿ. ಆಮೇಲೆ ನನಗೆ ಫೋನ್ ಮಾಡಿ.