ಎಣ್ಣೆಗಿಳಿಯದ ಲೋಹ ಹಿಂಡಿಯಲ್ಲಿ ಉಳಿಯುತ್ತದೆ

ಸೂರ್ಯಕಾಂತಿ ಎಣ್ಣೆಯ ಗುಣಮಟ್ಟದ ಮಾತು ಬಂದಾಗ ಬಣ್ಣ, ವಾಸನೆ, ಕೊಬ್ಬಿನಾಮ್ಲಗಳ ಪ್ರಮಾಣವನ್ನು ವಿಚಾರಿಸುವವರು ಬಹಳ. ಬೆಳೆ ನಿಂತಿದ್ದ ಮಣ್ಣಿನಲ್ಲಿ ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಇತ್ತೇ ಎಂದು ಕೇಳುವವರು ವಿರಳ. ಎಣ್ಣೆಕಾಳುಗಳ ಪೈಕಿ ಸೂರ್ಯಕಾಂತಿ ಮತ್ತು ಅಗಸೆ ಈ ಭಾರಲೋಹವನ್ನು ಕಾಳಿನವರೆಗೂ ಸಾಗಿಸುವುದರಲ್ಲಿ ಮುಂದಿವೆ. ಯುರೋಪಿನ ಒಕ್ಕೂಟವು 2021ರಲ್ಲಿ ನಿಗದಿಪಡಿಸಿದ ಕ್ಯಾಡ್ಮಿಯಂ ಮಿತಿ ಶೇಂಗಾ ಮತ್ತು ಸೋಯಾಗಳಿಗೆ ಕಿಲೋಗೆ 0.20 ಮಿಲಿಗ್ರಾಂ ಇದ್ದರೆ, ಸೂರ್ಯಕಾಂತಿ ಮತ್ತು ಅಗಸೆಗೆ 0.50 ಮಿಲಿಗ್ರಾಂ ಇದೆ.

ಕಾರ್ಖಾನೆಯ ತ್ಯಾಜ್ಯ, ನಗರದ ಕೊಳಚೆ ನೀರು, ರಂಜಕದ ಗೊಬ್ಬರ ಇವುಗಳ ಮೂಲಕ ಹೊಲ ಸೇರುವ ಕ್ಯಾಡ್ಮಿಯಂ, ಗುಣದಲ್ಲಿ ಸತುವನ್ನು ಹೋಲುವುದರಿಂದ, ಸತು ಮತ್ತು ಕಬ್ಬಿಣವನ್ನು ಬೇರು ಒಳಗೆಳೆದುಕೊಳ್ಳುವ ದಾರಿಯಲ್ಲೇ ಗಿಡವನ್ನು ಹೊಕ್ಕುತ್ತದೆ. ರಾಯಚೂರು, ಕೊಪ್ಪಳ ಕಡೆಯ ಕ್ಷಾರಗುಣದ ಎರೆಮಣ್ಣಿನಲ್ಲಿ ಅದು ಮಣ್ಣಿನ ಕಣಗಳಿಗೆ ಅಂಟಿಕೊಂಡು ಬೇರಿಗೆ ಸುಲಭವಾಗಿ ದಕ್ಕುವುದಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೆ ಮಣ್ಣಿನಲ್ಲಿ ಉಪ್ಪಿನ ಭಾಗವಾದ ಕ್ಲೋರೈಡ್ ಹೆಚ್ಚಿದಷ್ಟೂ ಅದು ಕರಗುವ ರೂಪ ತಾಳಿ ಸೂರ್ಯಕಾಂತಿಯ ಕಾಳಿಗೆ ಹೆಚ್ಚು ಸೇರುತ್ತದೆ ಎಂಬುದು ಅಮೆರಿಕದ ಹೊಲಗಳಲ್ಲಿ ಕಂಡುಬಂದಿದೆ. ತುಂಗಭದ್ರಾ ಅಚ್ಚುಕಟ್ಟಿನ ಸವಳು ಭೂಮಿಯಲ್ಲಿ ಸೂರ್ಯಕಾಂತಿ ಬಿತ್ತುವವರು ಇದನ್ನು ಗಮನಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ರೈತರ ಕೈಯಲ್ಲಿರುವ ಮಣ್ಣು ಆರೋಗ್ಯ ಚೀಟಿಯ ಹನ್ನೆರಡು ಅಂಶಗಳಲ್ಲಿ ಸತು, ತಾಮ್ರಗಳಿವೆ, ಕ್ಯಾಡ್ಮಿಯಂ ಇಲ್ಲ.

ಕಾಳಿನೊಳಗೆ ಈ ಲೋಹ ಬಹುಪಾಲು ಪ್ರೋಟೀನಿನಂಥ ಅಂಶಗಳಿಗೆ ಅಂಟಿಕೊಳ್ಳುತ್ತದೆಯೇ ಹೊರತು ಕೊಬ್ಬಿಗಲ್ಲ. ಹೀಗಾಗಿ ಎಣ್ಣೆ ಹೆಚ್ಚುಕಡಿಮೆ ಶುದ್ಧವಾಗಿಯೇ ಹೊರಬರುತ್ತದೆ. ನೂರು ಕಿಲೋ ಕಾಳಿನಿಂದ ನಲವತ್ತು ಕಿಲೋ ಎಣ್ಣೆ ತೆಗೆದರೆ, ಮೊದಲಿದ್ದ ಲೋಹವೆಲ್ಲ ಹತ್ತಿರಹತ್ತಿರ ಅರವತ್ತು ಕಿಲೋ ಹಿಂಡಿಯಲ್ಲೇ ಉಳಿದು, ಅದರ ಸಾಂದ್ರತೆ ಒಂದೂವರೆ ಪಟ್ಟನ್ನೂ ಮೀರುತ್ತದೆ. ಆ ಹಿಂಡಿ ದನದ ಮೇವಾಗುತ್ತದೆ. ತಿಂದ ಕ್ಯಾಡ್ಮಿಯಂ ಹಾಲಿಗೆ ಇಳಿಯುವುದು ಅತ್ಯಲ್ಪ. ಮೂತ್ರಪಿಂಡ ಮತ್ತು ಯಕೃತ್ತಿನಲ್ಲಿ ಮಾತ್ರ ವರ್ಷಗಟ್ಟಲೆ ಶೇಖರವಾಗುತ್ತದೆ. ಪರೀಕ್ಷೆ ಎಣ್ಣೆಯ ಬಾಟಲಿಗಷ್ಟೇ ಸೀಮಿತವಾದರೆ ಈ ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ.

ಎಣ್ಣೆಯನ್ನು ನೇರವಾಗಿ ಕೆಡಿಸುವ ಲೋಹಗಳು ಬೇರೆ. ತಾಮ್ರ ಮತ್ತು ಕಬ್ಬಿಣ ಲವಲೇಶವಿದ್ದರೂ ಎಣ್ಣೆ ಗಾಳಿಯೊಡನೆ ವರ್ತಿಸುವ ವೇಗವನ್ನು ಹೆಚ್ಚಿಸಿ ಬೇಗ ಕಮಟು ಹಿಡಿಸುತ್ತವೆ. ಸಂಸ್ಕರಣಾ ಘಟಕಗಳು ಸಿಟ್ರಿಕ್ ಅಥವಾ ಫಾಸ್ಫಾರಿಕ್ ಆಮ್ಲ ಬಳಸಿ ಇವನ್ನು ತಗ್ಗಿಸುತ್ತವೆ. ಈಗ ಮತ್ತೆ ಬೇಡಿಕೆ ಗಳಿಸಿರುವ ಗಾಣದ ಎಣ್ಣೆಗೆ ಆ ಹಂತವೇ ಇಲ್ಲ, ಆದ್ದರಿಂದ ಅಲ್ಲಿ ಕಾಳಿನ ಶುದ್ಧತೆಯೇ ಎಣ್ಣೆಯ ಬಾಳಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಸತುವಿನ ಕೊರತೆಯಿರುವ ಹೊಲಕ್ಕೆ ಸತುವಿನ ಸಲ್ಫೇಟ್ ಕೊಟ್ಟರೆ ಬೇರು ಕ್ಯಾಡ್ಮಿಯಂ ಹೀರುವುದೂ ಸಾಮಾನ್ಯವಾಗಿ ತಗ್ಗುತ್ತದೆ. ಇಳುವರಿಗೆಂದು ಅದನ್ನು ಹಾಕುವ ರೈತರು ಈ ಲಾಭವನ್ನು ಅರಿಯದೆಯೇ ಪಡೆಯುತ್ತಿದ್ದಾರೆ.