ಪ್ರಮಾಣಪತ್ರದ ಲೆಕ್ಕ, ನೀರಿನ ಲೆಕ್ಕ

ಹಸಿರು ಕಟ್ಟಡದ ಪ್ರಮಾಣಪತ್ರ ಬೇಕೆನ್ನುವವರು ಸಾಮಾನ್ಯವಾಗಿ ನಲ್ಲಿ, ಕಮೋಡುಗಳ ಪಟ್ಟಿ ಹಿಡಿದು ಶುರುಮಾಡುತ್ತಾರೆ. ಅಂಕ ಸಲೀಸಾಗಿ ಸಿಗುವುದು ಅಲ್ಲೇ. ಆದರೆ ನೀರಿನ ಹಣೆಬರಹ ಅದಕ್ಕೂ ಮುಂಚೆ, ನಿವೇಶನಕ್ಕೆ ಅಗೆಯುವ ಯಂತ್ರ ಇಳಿದ ದಿನವೇ ಅರ್ಧ ನಿರ್ಧಾರವಾಗಿರುತ್ತದೆ.

ಭಾರೀ ಯಂತ್ರ ಓಡಾಡಿದ ಮಣ್ಣು ಬಿಗಿದುಕೊಂಡು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತದೆ. ಆದ್ದರಿಂದ ಇಂಗುಗುಂಡಿ ಮತ್ತು ತೋಟದ ಜಾಗವನ್ನು ನಕ್ಷೆಯಲ್ಲೇ ಗುರುತಿಸಿ, ಕೆಲಸಕ್ಕೆ ಮುಂಚೆ ಬೇಲಿ ಹಾಕಿ. ಉಳಿಸಿಕೊಳ್ಳುವ ಮರದ ಸುತ್ತಲಿನ ಬೇಲಿ ಕಾಂಡಕ್ಕೆ ಅಂಟಿಕೊಂಡಿದ್ದರೆ ಸಾಲದು, ಕೊಂಬೆಗಳ ಹರವಿನ ಅಂಚಿನವರೆಗೂ ಇರಬೇಕು. ಮೇಲ್ಮಣ್ಣನ್ನು 15–20 ಸೆಂ.ಮೀ. ಕೆರೆದು ಪ್ರತ್ಯೇಕವಾಗಿ, ತಗ್ಗು ರಾಶಿಯಾಗಿ ಮುಚ್ಚಿಡಿ. ಇದೆಲ್ಲದರ ಫೋಟೊ ತಾರೀಖಿನ ಸಮೇತ ಆಗಲೇ ತೆಗೆದಿಡಿ. ಕಟ್ಟಡ ಮುಗಿದ ಮೇಲೆ ಈ ದಾಖಲೆ ಹುಟ್ಟಿಸಲಾಗುವುದಿಲ್ಲ.

ಇಂಗುಗುಂಡಿಯ ಅಳತೆಯನ್ನು ಅಂದಾಜಿಗೆ ಬಿಡಬೇಡಿ. ಗುಂಡಿ ಬರುವ ಆಳದಲ್ಲಿ 30 ಸೆಂ.ಮೀ. ಉದ್ದಗಲದ ಕುಳಿ ತೋಡಿ, ನೀರು ತುಂಬಿ ಮಣ್ಣು ಪೂರ್ತಿ ನೆನೆಯಲು ಬಿಡಿ. ಮತ್ತೆ ತುಂಬಿ ಗಂಟೆಗೆ ಎಷ್ಟು ಇಳಿಯಿತೆಂದು ಅಳೆಯಿರಿ. ಒಣ ಮಣ್ಣಿನಲ್ಲಿ ಅಳೆದರೆ ಅಂಕಿ ಸುಳ್ಳೇ ಹೇಳುತ್ತದೆ. 200 ಚ.ಮೀ. ಚಾವಣಿಯ ಮೇಲೆ 40 ಮಿ.ಮೀ. ಮಳೆ ಬಿದ್ದರೆ, ಶೇ. 85ರಷ್ಟು ಹರಿದರೂ 6,800 ಲೀಟರ್. ನೀರು ಗಂಟೆಗೆ 25 ಮಿ.ಮೀ. ಇಳಿಯುವ ಮಣ್ಣಿನಲ್ಲಿ 4 ಚ.ಮೀ. ತಳದ ಗುಂಡಿ ಗಂಟೆಗೆ ಇಂಗಿಸುವುದು ಸುಮಾರು 100 ಲೀಟರ್. ಖಾಲಿಯಾಗಲು ಹೆಚ್ಚುಕಡಿಮೆ ಮೂರು ದಿನ. ನಾಳೆಯೇ ಇನ್ನೊಂದು ಮಳೆ ಬಂದರೆ? ತಳ ಅಗಲಿಸಬೇಕು, ಇಲ್ಲವೇ ಮೊದಲು ತೊಟ್ಟಿಗೆ ತುಂಬಿಸಿ ಮಿಕ್ಕಿದ್ದನ್ನಷ್ಟೇ ಇಂಗಿಸಬೇಕು.

ತೊಟ್ಟಿಗೆ ಹೋಗುವ ಮುನ್ನ ಚಾವಣಿ ತೊಳೆದ ಮೊದಲ ನೀರನ್ನು ಬೇರೆ ಮಾಡಬೇಕಲ್ಲ, ಎಲ್ಲರೂ ಎಡವುವುದು ಅಲ್ಲೇ. ಒಂದು ಮಿ.ಮೀ. ಮಳೆಯಷ್ಟನ್ನು ಬಿಡುವುದೆಂದರೂ ಈ ಚಾವಣಿಗೆ 200 ಲೀಟರ್ ಬೇಕು. ಆ ನೀರನ್ನು ಹಿಡಿದಿಡಲು ನಿಲ್ಲಿಸುವ 100 ಮಿ.ಮೀ. ವ್ಯಾಸದ ಪೈಪಿನಲ್ಲಿ ಮೀಟರಿಗೆ ಹಿಡಿಯುವುದು ಎಂಟು ಲೀಟರಿಗೂ ಕಡಿಮೆ. ಗೋಡೆಗೆ ಒಂದು ಮೀಟರ್ ಪೈಪು ನಿಲ್ಲಿಸಿ ‘ಫಸ್ಟ್ ಫ್ಲಶ್ ಇದೆ’ ಅನ್ನುವುದು ಕಾಗದಕ್ಕೆ ಮಾತ್ರ. 300 ಮಿ.ಮೀ. ಪೈಪಾದರೆ ಮೂರು ಮೀಟರ್ ಸಾಕು. ಹಿಡಿದ ನೀರು ನಿಧಾನವಾಗಿ ಹೊರಹೋಗುವ ಬುಡದ ಸಣ್ಣ ತೂತಿಗೆ ಕಸ ಕಟ್ಟಿದರೆ ಪೈಪು ತುಂಬಿಯೇ ನಿಂತಿರುತ್ತದೆ, ಮುಂದಿನ ಮಳೆಯ ಕೊಳೆ ನೇರ ತೊಟ್ಟಿಗೆ.

ಈಗ ಕಮೋಡಿಗೆ ಬರೋಣ. ಹಸಿರು ಕಟ್ಟಡಗಳಿಗೆ ಅಂಕ ಕೊಟ್ಟು ಪ್ರಮಾಣೀಕರಿಸುವ ಲೀಡ್ (LEED) ಪದ್ಧತಿಯ ನಾಲ್ಕನೇ ಆವೃತ್ತಿಯಲ್ಲಿ ಒಳಬಳಕೆಯ ನೀರು ಮೂಲಮಟ್ಟಕ್ಕಿಂತ ಕನಿಷ್ಠ ಶೇ. 20 ಇಳಿಯಲೇಬೇಕು. ಮೂಲಮಟ್ಟವೆಂದರೆ ಕಮೋಡಿಗೆ ಫ್ಲಶ್ಶಿಗೆ 6 ಲೀಟರ್, ಯೂರಿನಲ್ಲಿಗೆ 3.8. ನೂರು ಜನರ ಕಚೇರಿಯಲ್ಲಿ ದಿನಕ್ಕೆ 200 ಸಲ ಕಮೋಡು, 100 ಸಲ ಯೂರಿನಲ್ ಬಳಕೆಯಾದರೆ 1,580 ಲೀಟರ್. 4 ಮತ್ತು 1.9 ಲೀಟರಿನವು ಹಾಕಿದರೆ 990. ಉಳಿತಾಯ 590 ಲೀಟರ್, ಶೇ. 37. ಆದರೆ ಟ್ಯಾಂಕಿನ ಸವೆದ ರಬ್ಬರ್ ಮುಚ್ಚಳದಿಂದ ನಿಮಿಷಕ್ಕೆ 200 ಮಿ.ಲೀ. ಸೋರುವ ಒಂದೇ ಕಮೋಡು ದಿನಕ್ಕೆ 288 ಲೀಟರ್ ನುಂಗುತ್ತದೆ. ಅಂಥವು ಎರಡಿದ್ದರೆ ಉಳಿಸಿದ್ದು ಹೆಚ್ಚುಕಡಿಮೆ ಎಲ್ಲ ಚರಂಡಿಗೆ.

ಸೋರಿಕೆ ತಿಳಿಯಲು ಕಮೋಡಿನ ಟ್ಯಾಂಕಿಗೆ ಬಣ್ಣ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ, ಬಟ್ಟಲಿನಲ್ಲಿ ಬಣ್ಣ ಕಂಡರೆ ರಬ್ಬರ್ ಬದಲಿಸಿ. ಮಹಡಿಗೊಂದು ನೀರಿನ ಮೀಟರ್ ಇಟ್ಟಿದ್ದರೆ ಇನ್ನೂ ಸುಲಭ: ಕಚೇರಿ ಮುಚ್ಚುವಾಗ ಒಮ್ಮೆ, ತೆರೆಯುವಾಗ ಒಮ್ಮೆ ಓದಿ. ರಾತ್ರಿ ಅಂಕಿ ಕದಲಿದ ಮಹಡಿಯಲ್ಲಿ ವಾಲ್ವುಗಳನ್ನು ಒಂದೊಂದಾಗಿ ಮುಚ್ಚುತ್ತ ಹುಡುಕಿ.