ಹತ್ತು ಗಂಟೆಯ ಹೊಟ್ಟೆನೋವು

ಹಳೇ ವಿದ್ಯಾರ್ಥಿಗಳು ಮರೆಯೋಕಾಗದ ಒಬ್ಬ ಟೀಚರ್ ಬಗ್ಗೆ ಬರೆದುಕೊಡಿ ಅಂತ ಕಾಲೇಜ್ ಮ್ಯಾಗಝೀನ್ ಕಡೆಯಿಂದ ಮೆಸೇಜ್ ಬಂದಾಗ ನಂಗೆ ಮೊದಲು ನೆನಪಾದವರು ನಮ್ಮ ಕಾಲೇಜಿನವರಲ್ಲ, ದಯವಿಟ್ಟು ಯಾರೂ ಬೇಜಾರ್ ಮಾಡ್ಕೋಬೇಡಿ. ಇಲ್ಲಿ ಎಂ.ಎಸ್.ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಕೋರ್ಸ್) ಸೇರೋಕೆ ಕಾರಣಾನೇ ಅವರು, ಹಾಗಾಗಿ ಈ ಪುಟದಲ್ಲಿ ಅವರಿಗೂ ಜಾಗ ಇದೆ ಅನ್ಕೊಂಡಿದೀನಿ. ಅಮೆರಿಕಾದ ಫಿಲಡೆಲ್ಫಿಯಾ ಹತ್ರ ಕ್ವೇಕರ್ ಅನ್ನೋ ಕ್ರೈಸ್ತ ಪಂಗಡದವರ ಒಂದು ಸ್ಕೂಲಲ್ಲಿ ಅವರು ಚಿಕ್ಕ ಮಕ್ಕಳ ಕೌನ್ಸೆಲರ್. ಹೆಸರು ಬರೆಯಲ್ಲ, ಅವರಿಗೆ ಅದು ಇಷ್ಟ ಆಗಲ್ಲ.

ಅಪ್ಪನ ಕೆಲಸದಿಂದಾಗಿ 2004ರಲ್ಲಿ ಮೈಸೂರಿಂದ ಅಲ್ಲಿಗೆ ಹೋದಾಗ ನಾನು ಎರಡನೇ ಕ್ಲಾಸು. ಫೀಸ್ ಜಾಸ್ತಿ ಇತ್ತು, ಸ್ಕೂಲಿನವರೇ ಒಂದಷ್ಟು ಬಿಟ್ಟುಕೊಟ್ರು. ಮೊದಲ ವಾರದಲ್ಲೇ ಗಾಬರಿ ಆಗಿದ್ದು ಏನಕ್ಕೆ ಅಂದ್ರೆ ಅಲ್ಲಿ ಮಕ್ಕಳು ಟೀಚರನ್ನ ಹೆಸರು ಹಿಡಿದು ಕರೀತಿದ್ರು, ಮಿಸ್ಸೂ ಇಲ್ಲ ಮ್ಯಾಮೂ ಇಲ್ಲ, ಬರೀ ಹೆಸರು. ನಂಗಂತೂ ಬಾಯೇ ಬರ್ತಿರಲಿಲ್ಲ. ಕ್ವೇಕರ್‌ಗಳು 17ನೇ ಶತಮಾನದ ಇಂಗ್ಲೆಂಡಲ್ಲಿ ಶುರುವಾದವರು, ಜಾರ್ಜ್ ಫಾಕ್ಸ್ ಅಂತ ಒಬ್ಬರ ಹಿಂದೆ, ಪ್ರತಿಯೊಬ್ಬರ ಒಳಗೂ ದೇವರ ಅಂಶ ಇದೆ ಅಂತ ನಂಬ್ತಾರೆ, ಅದಕ್ಕೇ ಜಡ್ಜ್ ಮುಂದೇನೂ ಟೋಪಿ ತೆಗೀತಿರಲಿಲ್ಲ, ದೊಡ್ಡವರು ಚಿಕ್ಕವರು ಅಂತಿಲ್ಲದೆ ಎಲ್ಲರಿಗೂ 'ನೀನು' ಅಂತಿದ್ರು, ಆಗಿನ ಇಂಗ್ಲಿಷಲ್ಲೂ ನಮ್ಮ ಹಾಗೆ ನೀನು-ನೀವು ಬೇರೆ ಬೇರೆ ಇತ್ತಂತೆ, ಅದಕ್ಕಾಗಿ ಜೈಲಿಗೂ ಹೋಗಿದ್ದಾರೆ. ಮುಂದೆ ಯಾವಾಗಲೋ ಇದನ್ನ ಅಮ್ಮಂಗೆ ಹೇಳಿದಾಗ, "ಅವರು ಎಲ್ಲರಿಗೂ ನೀನು ಅಂದ್ರು, ನಾನು ಎಲ್ಲರಿಗೂ ನೀವು ಅಂತೀನಿ, ಎರಡೂ ಒಂದೇ ಅಲ್ವಾ ಪುಟ್ಟಿ" ಅಂದ್ರು.

ಜನವರಿಯಿಂದ ನಂಗೆ ಹೊಟ್ಟೆನೋವು ಶುರುವಾಯ್ತು. ದಿನಾ ಬೆಳಿಗ್ಗೆ ಹತ್ತು ಗಂಟೆಗೆ, ಸುಳ್ಳಲ್ಲ, ನಿಜವಾಗ್ಲೂ ನೋವು. ನರ್ಸ್ ಹತ್ರ ಹೋಗೋದು, ಮಲಗೋದು, ಅರ್ಧ ಗಂಟೆ ಆದ್ಮೇಲೆ ವಾಪಸ್. ಎರಡು ವಾರ ನೋಡಿ ನರ್ಸ್ ನನ್ನ ಕೈ ಹಿಡ್ಕೊಂಡು ಲೈಬ್ರರಿ ಪಕ್ಕದ ಚಿಕ್ಕ ರೂಮಿಗೆ ಬಿಟ್ಟು ಬಂದ್ರು.

ಅಲ್ಲಿ ಒಂದು ಗಿಡ್ಡ ಟೇಬಲ್ಲು, ಆ ಕೌನ್ಸೆಲರೂ ಅಂಥದ್ದೇ ಗಿಡ್ಡ ಕುರ್ಚಿ ಮೇಲೆ ಮೊಣಕಾಲು ಮಡಚ್ಕೊಂಡು ಕೂತಿದ್ರು. ಹೊಟ್ಟೆ ಯಾಕೆ ನೋಯ್ತಿದೆ ಅಂತ ಕೇಳಲೇ ಇಲ್ಲ. ಮೊದಲು ಒಂದು ವಿಷಯ ಹೇಳಿದ್ರು, ನೀನು ಇಲ್ಲಿ ಹೇಳಿದ್ದು ನನ್ನ ಹತ್ರಾನೇ ಇರುತ್ತೆ, ಆದ್ರೆ ಯಾರಾದ್ರೂ ನಿಂಗೆ ನೋವು ಮಾಡ್ತಿದ್ರೆ, ಅಥವಾ ನೀನೇ ನಿಂಗಾಗ್ಲಿ ಬೇರೆಯವರಿಗಾಗ್ಲಿ ನೋವು ಮಾಡೋ ಹಾಗಿದ್ರೆ ಮಾತ್ರ ನಾನು ಬೇರೆ ದೊಡ್ಡವರಿಗೆ ಹೇಳಲೇಬೇಕು ಅಂತ. ಏಳು ವರ್ಷದ ಮಗುಗೂ ಈ ನಿಯಮ ಮೊದಲೇ ಹೇಳಬೇಕು, ಆಮೇಲೆ ಹೇಳಿದ್ರೆ ಅದು ಮೋಸ ಅಂತ ನಾನೀಗ್ಲೂ ನಂಬ್ತೀನಿ. ಆಮೇಲೆ ಪೇಪರ್ ಪ್ಲೇಟ್ ಒಂದನ್ನ ತಗೊಂಡು ಅಂಕಿ ಬರೆದು, ರಟ್ಟಿನ ಎರಡು ಮುಳ್ಳು ಸಿಗಿಸಿ ಗಡಿಯಾರ ಮಾಡಿ ನನ್ನ ಮುಂದೆ ಇಟ್ರು. ಎಂಟಕ್ಕೆ ನೀನೆಲ್ಲಿ, ಅಪ್ಪ ಎಲ್ಲಿ, ಅಮ್ಮ ಎಲ್ಲಿ, ಒಂದೊಂದು ಗಂಟೆಗೂ ಚಿತ್ರ ಬರಿ ಅಂದ್ರು. ಹತ್ತಕ್ಕೆ ಬಂದಾಗ ನಾನು ಅಮ್ಮನ್ನ ಬರೆದಿದ್ದು ಸ್ನೋ ಮಧ್ಯೆ, ಸೀರೆಲಿ, ಚಪ್ಪಲಿಲಿ.

ಆಗಿದ್ದಿಷ್ಟು. ಡಿಸೆಂಬರ್ ರಜೆಗೆ ಮುಂಚೆ ಒಂದು ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಲ್ಲಿ ಫೈರ್ ಅಲಾರಂ ಹೊಡ್ಕೊಂಡು ಅಮ್ಮ ಉಟ್ಟ ಬಟ್ಟೆಲೇ ಕೆಳಗೆ ಓಡಿದ್ರು, ಹೊರಗೆ ಮುಕ್ಕಾಲು ಗಂಟೆ ನಿಂತಿದ್ರು, ಏನಾಗ್ತಿದೆ ಅಂತ ಕೇಳೋಕೂ ಇಂಗ್ಲಿಷ್ ಬರ್ತಿರಲಿಲ್ಲ. ರಾತ್ರಿ ಅಪ್ಪನ ಹತ್ರ ಅದನ್ನ ಹೇಳ್ತಾ ಅಮ್ಮ ಅತ್ತಿದ್ದು ನಾನು ಹೊದಿಕೆ ಒಳಗಿಂದ ಕೇಳಿಸ್ಕೊಂಡಿದ್ದೆ. ಬ್ಯಾಂಕ್ ಫೋನು, ಡಾಕ್ಟರ್ ಫೋನು ಎಲ್ಲಾ ಅಮ್ಮನ ಪರವಾಗಿ ನಾನೇ ಮಾತಾಡ್ತಿದ್ದೆ, ಹಾಗಾಗಿ ನಾನು ಸ್ಕೂಲಲ್ಲಿದ್ರೆ ಅಮ್ಮಂಗೆ ಬಾಯೇ ಇಲ್ಲ ಅನ್ನೋದು ನನ್ನ ಹೊಟ್ಟೆಲಿ ಕೂತಿತ್ತು.

"ಇದನ್ನ ಅಮ್ಮಂಗೆ ಹೇಳಲಾ?" ಅಂತ ಕೌನ್ಸೆಲರ್ ನನ್ನ ಕೇಳಿದ್ರು. ಮೂರು ದಿನ ಬೇಡ ಅಂದೆ, ನಾಲ್ಕನೇ ದಿನ ಹೂಂ ಅಂದೆ. ಆ ಮೂರು ದಿನಾನೂ ಅವರು ಆತುರ ಮಾಡ್ಲಿಲ್ಲ.

ಅಮ್ಮ ಬಂದ ದಿನ ನಾನೇ ಟ್ರಾನ್ಸ್‌ಲೇಟ್ ಮಾಡೋಕೆ ರೆಡಿಯಾಗಿ ಬಾಗಿಲಲ್ಲಿ ನಿಂತಿದ್ದೆ. ಬೇಡ, ಇದು ನಿನ್ನ ಕೆಲಸ ಅಲ್ಲ, ನೀನು ಆಟಕ್ಕೆ ಹೋಗು ಅಂದ್ರು. ಫೋನಲ್ಲಿ ಕನ್ನಡ ಬರೋ ಇಂಟರ್‌ಪ್ರಿಟರ್ ಒಬ್ಬರನ್ನ ಹುಡುಕಿ ಇಟ್ಕೊಂಡಿದ್ರು. ಸ್ಪೀಕರಲ್ಲಿ "ನಮಸ್ಕಾರ್ರೀ ಅಕ್ಕಾರ, ಹೇಳ್ರಿ" ಅಂತ ಧಾರವಾಡ ಕಡೆ ದನಿ ಕೇಳಿದ್ದೇ ತಡ ಅಮ್ಮಂಗೆ ನಗು ಅಳು ಎರಡೂ ಒಟ್ಟಿಗೆ ಬಂತಂತೆ. ಅವತ್ತು ಏನೇನು ಮಾತಾಡಿದ್ರು ನಂಗೆ ಪೂರ್ತಿ ಗೊತ್ತಿಲ್ಲ. ಮುಂದಿನ ವಾರದಿಂದ ಅಮ್ಮ ಗುರುವಾರ ಗುರುವಾರ ಸ್ಕೂಲ್ ಲೈಬ್ರರಿಗೆ ಬಂದು ಪುಸ್ತಕ ಜೋಡಿಸೋಕೆ ಶುರು ಮಾಡಿದ್ರು, ಕುತ್ತಿಗೆಲಿ ವಾಲಂಟಿಯರ್ ಬ್ಯಾಡ್ಜು. ನನ್ನ ಹೊಟ್ಟೆನೋವು ಒಂದೇ ಸಲ ಹೋಗ್ಲಿಲ್ಲ, ಹತ್ತಿರ ಹತ್ತಿರ ಯುಗಾದಿವರೆಗೂ ಇತ್ತು, ಕಮ್ಮಿ ಆಗ್ತಾ ಆಗ್ತಾ ಹೋಯ್ತು.

ಕೌನ್ಸೆಲರ್ ಕೆಲಸ ಆ ರೂಮಲ್ಲಿ ಮಾತ್ರ ಇರ್ಲಿಲ್ಲ. ಕ್ಲಾಸಿಗೆ ಬಂದು ಸಿಟ್ಟು ಬಂದಾಗ ಮೈಯಲ್ಲಿ ಎಲ್ಲೆಲ್ಲಿ ಗೊತ್ತಾಗುತ್ತೆ ಅಂತ ಕೇಳೋರು, ಮಧ್ಯಾಹ್ನ ನಾಲ್ಕೈದು ಮಕ್ಕಳನ್ನ ರೂಮಿಗೆ ಕರೆದು ಒಟ್ಟಿಗೆ ಊಟ ಮಾಡಿಸೋರು, ಜಗಳ ಆಡಿದವರನ್ನ ಎದುರುಬದುರು ಕೂರಿಸಿ ಒಬ್ಬರು ಹೇಳಿದ್ದನ್ನ ಇನ್ನೊಬ್ಬರ ಬಾಯಲ್ಲಿ ಮತ್ತೆ ಹೇಳಿಸೋರು. ಕ್ವೇಕರ್‌ಗಳಲ್ಲಿ ನಿಯಮಕ್ಕಿಂತ ಪ್ರಶ್ನೆಗೆ ಬೆಲೆ ಜಾಸ್ತಿ, ಕೌನ್ಸೆಲರ್ ರೂಮಿನ ಗೋಡೆ ಮೇಲೂ ಒಂದೇ ಪ್ರಶ್ನೆ ಇತ್ತು: ಇವತ್ತು ಆಟದಲ್ಲಿ ಯಾರಿಗೆ ಜಾಗ ಸಿಗಲಿಲ್ಲ?

ವಾರಕ್ಕೊಂದು ಸಲ ಇಡೀ ಸ್ಕೂಲು ಮೀಟಿಂಗ್ ಹೌಸಿಗೆ, ಅಂದ್ರೆ ಕ್ವೇಕರ್‌ಗಳ ಪ್ರಾರ್ಥನೆ ಮನೆಗೆ, ನಡ್ಕೊಂಡು ಹೋಗ್ತಿದ್ವಿ. ಪಾದ್ರಿ ಇಲ್ಲ, ಶಿಲುಬೆ ಇಲ್ಲ, ಹಾಡಿಲ್ಲ, ಮರದ ಬೆಂಚುಗಳು ಅಷ್ಟೇ, ಎಲ್ಲರೂ ಸುಮ್ನೆ ಕೂರೋದು, ಯಾರಿಗಾದ್ರೂ ಒಳಗಿಂದ ಮಾತು ಬಂದ್ರೆ ಎದ್ದು ಹೇಳೋದು, ಕೊನೆಗೆ ಪಕ್ಕದವರ ಕೈ ಕುಲುಕಿದ್ರೆ ಮುಗೀತು. ಇಂಗ್ಲಿಷ್ ಇನ್ನೂ ಸರಿಯಾಗಿ ಬರದ ನಂಗೆ ಆ ಹೊತ್ತು ಎಷ್ಟು ಹಿತ ಅನಿಸ್ತಿತ್ತು ಗೊತ್ತಾ, ಅಲ್ಲಿ ಯಾರೂ ನನಗಿಂತ ಚೆನ್ನಾಗಿ ಸುಮ್ನಿರೋಕೆ ಆಗ್ತಿರಲಿಲ್ಲ. ಆ ಕೌನ್ಸೆಲರ್ ತಮ್ಮ ರೂಮಲ್ಲೂ ಅದೇ ಮೌನ ಇಟ್ಕೊಂಡಿದ್ರು, ಮಗು ಉತ್ತರ ಹೇಳ್ಲಿಲ್ಲ ಅಂತ ಇನ್ನೊಂದು ಪ್ರಶ್ನೆ ತುರುಕ್ತಿರಲಿಲ್ಲ. 2006ರಲ್ಲಿ ನಮ್ಮಜ್ಜ ಮೈಸೂರಲ್ಲಿ ತೀರ್ಕೊಂಡಾಗ, ಹೋಗೋಕಾಗದೆ ನಾವೆಲ್ಲ ಅಲ್ಲೇ ಉಳಿದಾಗ, "ನಿಮ್ಮನ್ನ ಬೆಳಕಲ್ಲಿ ಹಿಡಿದಿರ್ತೀವಿ" ಅಂದ್ರು, ನಿಮಗೋಸ್ಕರ ಪ್ರಾರ್ಥನೆ ಮಾಡ್ತೀವಿ ಅನ್ನೋದಕ್ಕೆ ಕ್ವೇಕರ್‌ಗಳ ಕಡೆ ಮಾತು ಅದು. ಅಮ್ಮಂಗೆ ಯಾರೂ ವಿವರಿಸಬೇಕಾಗ್ಲಿಲ್ಲ, ದೀಪ ಹಚ್ಚಿ ಪಕ್ಕದಲ್ಲಿ ಕೂತ್ಕೊಂಡ್ರು.

ಎಂ.ಎಸ್.ಡಬ್ಲ್ಯೂ ಓದುವಾಗ ಒಂದು ಕ್ಲಾಸಲ್ಲಿ ನಂಗೆ ಮೈ ಜುಂ ಅಂದಿತ್ತು. ಮಾನಸಿಕ ರೋಗಿಗಳನ್ನ ಸರಪಳಿಲಿ ಕಟ್ಟಿ ಇಡ್ತಿದ್ದ ಕಾಲದಲ್ಲಿ, 1796ರಲ್ಲಿ, ಇಂಗ್ಲೆಂಡಿನ ಯಾರ್ಕಲ್ಲಿ ವಿಲಿಯಂ ಟ್ಯೂಕ್ ಅನ್ನೋರು ರಿಟ್ರೀಟ್ ಅಂತ ಒಂದು ಮನೆ ತೆರೆದು ಅವರನ್ನ ಮನುಷ್ಯರ ಹಾಗೆ ನೋಡ್ಕೊಂಡ್ರು ಅಂತ ಪಾಠ. ಟೀ ವ್ಯಾಪಾರಿ, ಕ್ವೇಕರ್. ಅದೇ ದಾರೀಲಿ 1817ರಲ್ಲಿ ಫಿಲಡೆಲ್ಫಿಯಾದ ಫ್ರಾಂಕ್‌ಫರ್ಡಲ್ಲೂ ಒಂದು ಆಸ್ಪತ್ರೆ ಶುರುವಾಯ್ತು. ನನ್ನ ಪೇಪರ್ ಪ್ಲೇಟ್ ಗಡಿಯಾರದ ಹಿಂದೆ ಇಷ್ಟು ದೊಡ್ಡ ಕಥೆ ಇತ್ತು ಅಂತ ಆ ದಿನ ಗೊತ್ತಾಯ್ತು.

ಈಗ ಬೆಂಗಳೂರಲ್ಲಿ ನಾನೂ ಒಂದು ಸ್ಕೂಲ್ ಕೌನ್ಸೆಲರ್. ಅಮೆರಿಕಾದ ಸ್ಕೂಲ್ ಕೌನ್ಸೆಲರ್‌ಗಳ ಸಂಘ 250 ಮಕ್ಕಳಿಗೆ ಒಬ್ಬರು ಇರಬೇಕು ಅನ್ನುತ್ತೆ, ನನ್ನ ಪಾಲಿಗೆ 1,800 ಮಕ್ಕಳು. ಪ್ರಾಬ್ಲಂ ಇರೋ ಮಕ್ಕಳು ಹೋಗೋ ರೂಮು ಅಂತ ಇಲ್ಲಿ ಇನ್ನೂ ಹೇಳ್ತಾರೆ, ಅದು ನಂಗೆ ತುಂಬಾ ನೋವು ಕೊಡುತ್ತೆ, ಯಾಕಂದ್ರೆ ಪ್ರಾಬ್ಲಂ ನನ್ನಲ್ಲಿರಲಿಲ್ಲ, ಅಮ್ಮನ ಒಂಟಿತನದಲ್ಲಿತ್ತು, ಅದನ್ನ ಹುಡುಕಿ ಅಲ್ಲಿಗೇ ಹೋಗಿ ಕೈ ಹಾಕಿದ್ದು ಅವರು. ಹಾಗಾಗಿ ಮಗು ಬಂದ್ರೆ ನಾನೂ ಮೊದಲು ಮನೆಯ ಗಡಿಯಾರ ನೋಡ್ತೀನಿ.

2008ರಲ್ಲಿ ವಾಪಸ್ ಬಂದ್ವಿ. ಅಮ್ಮನ ಲೈಬ್ರರಿ ಬ್ಯಾಡ್ಜ್ ಇನ್ನೂ ದೇವರ ಮನೆ ಡ್ರಾದಲ್ಲಿದೆ, ಅರಿಶಿನದ ಕಲೆ ಆಗಿ ಹೆಸರು ಅರ್ಧ ಮಾತ್ರ ಕಾಣುತ್ತೆ, ಬಿಸಾಕು ಅಂದ್ರೆ ಬೈತಾರೆ.